ಬೀಗ ಬೇಡ, ಸುತ್ತು ಜಗಲಿ ಬೇಕು

ಸಂಜೆ ಐದಾದರೆ ಸಾಕು, ಅತ್ತೆ ಕೊಡೆ ಹಿಡಿದು ಮನೆಗೆ ಹೋಗಬೇಕು ಅಂತ ಹೊರಡುತ್ತಾರೆ. ಮನೆ ಅಂದರೆ ಇದೇ ಕೊಡಗಿನ ನಾಪೋಕ್ಲಿನ ತವರು. ಇದೇ ನಿಮ್ಮ ಮನೆ ಅಲ್ವಾ ಅಂತ ಮೊದಮೊದಲು ವಾದ ಮಾಡಿ ಇಬ್ಬರೂ ಅಳುತ್ತಿದ್ದೆವು. ಈಗ ಸುಮ್ನೆ ಜೊತೆಗೆ ಹೋಗುತ್ತೇನೆ, ಗೇಟಿನ ತನಕ ನಡೆದು ತಿರುಗಿ ಬರುವಷ್ಟರಲ್ಲಿ ಅವರಿಗೆ ತವರು ಮರೆತಿರುತ್ತದೆ. ಆದರೆ ಆನೆ ಓಡಾಡುವ ತೋಟದಲ್ಲಿ ಇದು ಎಷ್ಟು ದಿನ ನಡೆದೀತು?

ಅದಕ್ಕೇ ನಾವು ನಾಲ್ಕು ಮನೆಯವರು ಸೇರಿ, ವಿರಾಜಪೇಟೆ ಹತ್ತಿರ ಡಿಮೆನ್ಷಿಯಾ, ಅಂದರೆ ಅತ್ತೆಗಿರುವಂಥ ಮರೆವಿನ ಕಾಯಿಲೆ, ಇರುವ ಎಂಟು ಜನರಿಗೆ ಒಂದು ಮನೆ ಕಟ್ಟಲು ಹೊರಟಿದ್ದೇವೆ. ಎಂಟೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಜಪಾನಿನಲ್ಲಿ ಇಂಥ ಮನೆಯ ಒಂದು ಘಟಕಕ್ಕೆ 5ರಿಂದ 9 ಜನ ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ ಇಂಥವರಿಗೆಂದೇ ಕಟ್ಟಿದ ಹೋಗೆವೇಕ್ ಇಡೀ ಒಂದು ಹಳ್ಳಿಯ ಹಾಗಿದ್ದರೂ ಒಂದು ಮನೆಯಲ್ಲಿ ಆರೇಳು ಜನ. ಜಾಸ್ತಿ ಮುಖ, ಜಾಸ್ತಿ ಗಲಾಟೆ ಆದರೆ ಇವರಿಗೆ ಗಾಬರಿಯಾಗುತ್ತದೆ.

ಎಂಜಿನಿಯರ್ ತಂದ ಮೊದಲ ಪ್ಲಾನ್ ಥೇಟ್ ಲಾಡ್ಜ್! ಉದ್ದ ಕಾರಿಡಾರ್, ಎರಡೂ ಕಡೆ ಒಂದೇ ತರದ ಬಾಗಿಲು, ಕೊನೆಗೆ ಬೀಗ. ಬೀಗದ ಬಾಗಿಲು ಕಂಡರೆ ಅದನ್ನೇ ಅಲುಗಾಡಿಸುತ್ತಾ ನಿಲ್ಲುತ್ತಾರೆ. ನಮಗೆ ಬೇಕಿರುವುದು ಮನೆಯ ಸುತ್ತ ಹೆಂಚು ಹಾಕಿದ ಜಗಲಿ, ನಡೆದಷ್ಟೂ ನಡೆದು ಅಡುಗೆಮನೆ ಮುಂದೆಯೇ ಬಂದು ನಿಲ್ಲುವ ಹಾಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಯಲ್ಲಿ ಅಂಗಳಕ್ಕೆ ಇಳಿಯುವುದಂತೂ ಆಗದ ಮಾತು.

ನೆಲದ ವಿಷಯ ಕಲಿತದ್ದು ಮಾತ್ರ ತಪ್ಪು ಮಾಡಿಯೇ. ಬಚ್ಚಲ ಬಾಗಿಲಿಗೆ ಕಪ್ಪು ಮ್ಯಾಟ್ ಹಾಕಿದ್ದೆ. ಅತ್ತೆ ಅದರ ಮುಂದೆ ನಿಂತುಬಿಡುತ್ತಿದ್ದರು, ನಾವು ಹಟ ಅಂದುಕೊಂಡು ಬೈದೆವು. ಅವರ ಕಣ್ಣಿಗೆ ಅದು ಗುಂಡಿ! ಹಾಗೆಯೇ ಉಜ್ಜಿ ಉಜ್ಜಿ ಹೊಳೆಯುವ ಕಾವಿ ನೆಲ ನೀರು ನಿಂತ ಹಾಗೆ ಕಾಣುತ್ತದಂತೆ. ಎಷ್ಟೇ ಚೆಂದ ಇರಲಿ, ಹೊಸ ಮನೆಗೆ ಅದು ಬೇಡ. ಮಲಗಿದಲ್ಲಿಂದಲೇ ಕಕ್ಕಸು ಕಾಣಬೇಕು, ಬಿಳಿ ಗೋಡೆಗೆ ಬಿಳಿ ಸೀಟ್ ಇಡಬಾರದು, ಬೇರೆ ಬಣ್ಣದ್ದಾದರೆ ಅವರೇ ಗುರುತು ಹಿಡಿಯುತ್ತಾರೆ. ಹಿಂದೆ ಸಣ್ಣದೊಂದು ಕಣವೂ ಇರಲಿ. ನನ್ನ ಹೆಸರು ಮರೆತ ಅತ್ತೆಯ ಕೈ ಕರಿಮೆಣಸು ಬಿಡಿಸುವುದನ್ನು ಮರೆತಿಲ್ಲ.

ಇಷ್ಟೆಲ್ಲ ಕಟ್ಟಿಬಿಡಬಹುದು. ತಲೆನೋವು ಬೇರೆಯದೇ. ಶಾಲೆಯಲ್ಲಿ ಕಲಿತ ಕನ್ನಡ ಅತ್ತೆಗೆ ಈಗ ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ, ಉಳಿದಿರುವುದು ಕೊಡವರ ಮಾತಾದ ಕೊಡವ ತಕ್ಕ್ ಮಾತ್ರ. ಪಕ್ಕದ ಮನೆಯ ಅಜ್ಜನಿಗೆ ಇಲ್ಲಿನ ಗೌಡರ ಮನೆಮಾತು ಅರೆಭಾಷೆ. ರಾತ್ರಿ ಮೂರಕ್ಕೆ ಎದ್ದು ಕೂತವರ ಹತ್ತಿರ ಅವರ ಮಾತಲ್ಲೇ ಮಾತಾಡಬಲ್ಲ, ರಾತ್ರಿ ಪಾಳಿಗೂ ಬರುವ ಇಬ್ಬರು ಬೇಕು. ನಿಮ್ಮ ಕಡೆ ಯಾರಾದರೂ ಇದ್ದರೆ ಹೇಳಿ.