ಹೊದಿಕೆ ಬರೆಯುವ ಯಂತ್ರ ಹುಡುಕಿದ ಶನಿವಾರ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಆಕರ ಸಂಕೇತದಲ್ಲಿ 'ರಸ್ಟ್/ಹೆಲ್ಪರ್ಸ್' ಎಂಬ ಫೋಲ್ಡರ್ ಇದೆ. ಅದರಲ್ಲಿ ತುಂಬಿರುವುದು ಮೂರು ನಾಲ್ಕು ಸಾಲಿನ ಸಿ ಫಂಕ್ಷನ್‌ಗಳು. ಹೆಡರ್ ಕಡತದಲ್ಲಿರುವ ಇನ್ನೊಂದು ಫಂಕ್ಷನ್ ಅನ್ನು ಕರೆಯುವುದು, ಬಂದ ಉತ್ತರವನ್ನು ಹಾಗೆಯೇ ದಾಟಿಸುವುದು, ಇಷ್ಟೇ ಅವುಗಳ ಕೆಲಸ. ಹಾಗಾಗಿ ಇವನ್ನು ಹೊದಿಕೆ ಎನ್ನೋಣ. ಹೆಸರುಗಳೆಲ್ಲ 'ರಸ್ಟ್_ಹೆಲ್ಪರ್_' ಎಂದೇ ಶುರುವಾಗುತ್ತವೆ. ನಮ್ಮ ಪುಟ್ಟ ತಂಡ ಒಂದು ಡ್ರೈವರ್ ಅನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಹೊರಟಾಗ ಇಂಥವನ್ನೇ ಇನ್ನಷ್ಟು ಸೇರಿಸಬೇಕಾಯಿತು. ಹೊಸದಾಗಿ ಸೇರಿದ್ದ ಸಹೋದ್ಯೋಗಿ ಅದನ್ನು ನೋಡಿ, "ಸರ್, ಇದನ್ನು ಮನುಷ್ಯರು ಕೂತು ಬರೆಯಬೇಕೇ? ಬೈಂಡ್‌ಜೆನ್ ಇದೆಯಲ್ಲ?" ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು, ಬಾಯಿಬಿಟ್ಟು ಕೇಳಿರಲಿಲ್ಲ. ಒಂದು ಶನಿವಾರ ಇಬ್ಬರೂ ಅದರ ಬೆನ್ನು ಹತ್ತಿದೆವು.

ಬೈಂಡ್‌ಜೆನ್ ಸಿ ಹೆಡರ್‌ಗಳನ್ನು ಕ್ಲ್ಯಾಂಗ್ ಎಂಬ ಸಿ ಕಂಪೈಲರ್‌ನ ನೆರವಿನಿಂದ ಓದಿ ಅವಕ್ಕೆ ತಕ್ಕ ರಸ್ಟ್ ಘೋಷಣೆಗಳನ್ನು ಬರೆದುಕೊಡುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ ಕರ್ನಲ್ 6.1ರಲ್ಲಿ ರಸ್ಟ್‌ಗೆ ಜಾಗ ಸಿಕ್ಕಾಗಿನಿಂದ ಕೆಲಸ ನಡೆದಿರುವುದು ಅದರಿಂದಲೇ. ಆದರೆ 'ಸ್ಟ್ಯಾಟಿಕ್ ಇನ್‌ಲೈನ್' ಎಂದು ಬರೆದ ಫಂಕ್ಷನ್‌ಗೆ ಹೊರಗಿನವರಿಗೆ ಕಾಣುವ ವಿಳಾಸವಿಲ್ಲ. ಕರೆದವರ ಸಂಕೇತದೊಳಗೇ ಅದು ಸಾಮಾನ್ಯವಾಗಿ ಕರಗಿಹೋಗುತ್ತದೆ. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಹುಡುಕಿದರೆ ಹೊರಗಿನಿಂದ ಕರೆಯಬಹುದಾದ ಹೆಸರು ಯಾವ ಆಬ್ಜೆಕ್ಟ್ ಕಡತದಲ್ಲೂ ಸಿಗುವುದಿಲ್ಲ. 'ರೆಫ್‌ಕೌಂಟ್_ಇಂಕ್', 'ಸ್ಪಿನ್_ಲಾಕ್', 'ಡೆವ್_ಗೆಟ್_ಡ್ರವ್‌ಡೇಟಾ' ಎಲ್ಲವೂ ಈ ಜಾತಿಯವೇ. ಹಾಗಾಗಿಯೇ ಕೈಬರಹದ ಹೊದಿಕೆ. ರಸ್ಟ್ ಕಡೆಯವರಿಗೆ ಹೊದಿಕೆಯ ಹೆಸರು ಕಾಣದಂತೆ ಮೇಕ್‌ಫೈಲ್‌ನಲ್ಲಿ ಪಠ್ಯ ತಿದ್ದುವ ಸೆಡ್ ಸಾಧನದ ಒಂದು ಸಾಲು ಆ ಮುಂಪದವನ್ನು ಕಿತ್ತುಹಾಕುತ್ತದೆ. ಒರಟು ಉಪಾಯ, ಆದರೆ ನನಗೆ ಇಷ್ಟವಾಗುವ ಒರಟುತನ.

ಬೈಂಡ್‌ಜೆನ್‌ನಲ್ಲಿ 'ರ‍್ಯಾಪ್ ಸ್ಟ್ಯಾಟಿಕ್ ಫಂಕ್ಷನ್ಸ್' ಎಂಬ ಆಯ್ಕೆಯಿದೆ, ಇನ್ನೂ ಪ್ರಾಯೋಗಿಕ ಎಂಬ ಹಣೆಪಟ್ಟಿಯೊಂದಿಗೆ. ಅದನ್ನು ಹಚ್ಚಿದರೆ ಘೋಷಣೆಯ ಜೊತೆಗೆ ಹೊದಿಕೆಗಳಿರುವ ಸಿ ಕಡತವನ್ನೂ ಅದೇ ಬರೆಯುತ್ತದೆ. ಮೊದಲು ಯಾವ ಕಡಿವಾಣವೂ ಇಲ್ಲದೆ ಓಡಿಸಿದೆವು. ಹೆಡರ್ ಹೆಡರನ್ನು ಎಳೆದು ತಂದು ಹೊದಿಕೆಗಳು ಸಾವಿರಗಳ ಲೆಕ್ಕದಲ್ಲಿ ಸುರಿದವು. ಆ ಕಡತವನ್ನು ಕಂಪೈಲ್ ಮಾಡಲು ಹೋದಾಗ ದೋಷಗಳ ಸಾಲು ಪರದೆ ದಾಟಿ ಓಡಿತು. ಅವುಗಳಲ್ಲಿ ಹೆಚ್ಚಿನವು ನೀರಸವಾಗಿದ್ದವು. ಒಂದು ಮಾತ್ರ ನಮ್ಮನ್ನು ಹಿಡಿದು ಕೂರಿಸಿತು: 'ಆರ್ಕ್_ಸ್ಟ್ಯಾಟಿಕ್_ಬ್ರ್ಯಾಂಚ್'.

ಒಂದು ಕೀಲಿ ಹಾಕಿದೆಯೋ ಇಲ್ಲವೋ ಎಂಬುದರ ಮೇಲೆ ದಾರಿ ಆರಿಸುವ ಫಂಕ್ಷನ್ ಇದು. ಅದರೊಳಗಿನ ಅಸೆಂಬ್ಲಿ ತುಣುಕಿಗೆ ಆ ಕೀಲಿಯ ವಿಳಾಸ ಕಂಪೈಲ್ ಮಾಡುವಾಗಲೇ ಗೊತ್ತಿರಬೇಕು. ಫಂಕ್ಷನ್ ಕರಗಿ ಸೇರಿಕೊಂಡರೆ ಅದು ಗೊತ್ತಿರುತ್ತದೆ. ಹೊದಿಕೆಯಲ್ಲಿ ಆ ವಿಳಾಸ ಓಡುವ ಹೊತ್ತಿಗೆ ಬಂದು ಸೇರುವ ಸಾಮಾನ್ಯ ಆರ್ಗ್ಯುಮೆಂಟ್ ಆಗಿಬಿಡುತ್ತದೆ, ಕಂಪೈಲರ್ ಒಪ್ಪುವುದಿಲ್ಲ. ಎಷ್ಟು ಜಾಣ ಯಂತ್ರ ತಂದರೂ ಇದಕ್ಕೆ ಹೊದಿಕೆ ಹೊಲಿಯಲಾಗದು. ಕರ್ನಲ್‌ನವರು ಅಸೆಂಬ್ಲಿ ಪಠ್ಯವನ್ನೇ ಮ್ಯಾಕ್ರೋ (ಕಂಪೈಲ್‌ಗೆ ಮುಂಚೆ ಪಠ್ಯವಾಗಿ ಬಿಡಿಸಿಕೊಳ್ಳುವ ಹೆಸರು) ಮಾಡಿ ಸಿ ಮತ್ತು ರಸ್ಟ್ ಎರಡೂ ಹಂಚಿಕೊಳ್ಳುವಂತೆ ಇದನ್ನು ಬಗೆಹರಿಸಿದ್ದಾರೆ. ಅದು ಮನುಷ್ಯರೇ ಯೋಚಿಸಿ ಮಾಡಬೇಕಾದ ಕೆಲಸ.

ಕಂಪೈಲ್ ಆಗದಿರುವುದು ಪ್ರಾಮಾಣಿಕ ದೋಷ. ನನಗೆ ಹೆಚ್ಚು ಕಿರಿಕಿರಿಯಾದದ್ದು ತೆಪ್ಪಗೆ ಕಂಪೈಲ್ ಆದವುಗಳಿಂದ. 'ಕಾಪಿ_ಫ್ರಮ್_ಯೂಸರ್' ಇನ್‌ಲೈನ್ ಆಗಿರುವಾಗ ಬಫರ್‌ನ ಗಾತ್ರವೂ ನಕಲಿಸುವ ಗಾತ್ರವೂ ಕಂಪೈಲರ್‌ಗೆ ಕಂಡರೆ, ಮೀರಿದ್ದನ್ನು ಅಲ್ಲಿಯೇ ತಡೆಯುತ್ತದೆ. ಹೊದಿಕೆಯೊಳಗೆ ಉಳಿಯುವುದು ಬರಿಯ ಪಾಯಿಂಟರ್ ಮತ್ತು ಒಂದು ಸಂಖ್ಯೆ. ಆ ಪರೀಕ್ಷೆ ಇದ್ದೂ ಇಲ್ಲದಂತೆ. ಕೈಯಿಂದ ಬರೆದ ಹೊದಿಕೆಯಲ್ಲೂ ಇದೇ ಕಥೆ, ನಿಜ. ಆದರೆ ಬರೆಯುವಾಗ ಒಬ್ಬರು ಅದನ್ನು ಯೋಚಿಸಿರುತ್ತಾರೆ, ರಸ್ಟ್ ಕಡೆ ಉದ್ದದ ಪರೀಕ್ಷೆ ಇಟ್ಟಿರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನಮಗೆ ಬೇಕಾದ ಹೆಸರುಗಳನ್ನಷ್ಟೇ ಪಟ್ಟಿ ಮಾಡಿ ಓಡಿಸಿದೆವು. ಈಗ ಸಿಕ್ಕಿದ್ದು ಕೈಯಲ್ಲಿ ಬರೆಯುತ್ತಿದ್ದುದರ ಪಡಿಯಚ್ಚು. ಅವಳು ಗೆದ್ದ ಮುಖ ಮಾಡಿದಳು. ಆಮೇಲೆ ಲಾಕ್‌ಗಳ ತಪಾಸಣೆಯ ಆಯ್ಕೆ ಹಚ್ಚಿ ಮತ್ತೊಮ್ಮೆ ಕಟ್ಟಿದೆವು. 'ಮ್ಯೂಟೆಕ್ಸ್_ಲಾಕ್' ಮಾಯ!

ಸಾದಾ ಸಂರಚನೆಯಲ್ಲಿ ಅದು ನಿಜವಾದ ಫಂಕ್ಷನ್, ಬೈಂಡ್‌ಜೆನ್‌ಗೆ ಸಲೀಸಾಗಿ ಕಾಣುತ್ತದೆ. ತಪಾಸಣೆ ಹಚ್ಚಿದರೆ ಅದೇ ಹೆಸರು 'ಮ್ಯೂಟೆಕ್ಸ್_ಲಾಕ್_ನೆಸ್ಟೆಡ್' ಅನ್ನು ಕರೆಯುವ ಮ್ಯಾಕ್ರೋ. ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಮ್ಯಾಕ್ರೋಗಳಿಗೆ ಬೈಂಡ್‌ಜೆನ್ ಹೊದಿಕೆ ಬರೆಯುವುದಿಲ್ಲ. ಅದರ ವಿಧಗಳೇನು ಎಂದು ತಿಳಿಯುವ ದಾರಿಯೂ ಇಲ್ಲ. ಕೈಬರಹದ ಹೊದಿಕೆಗೆ ಈ ತಾಪತ್ರಯವಿಲ್ಲ. ಅದರಲ್ಲಿ 'ಮ್ಯೂಟೆಕ್ಸ್_ಲಾಕ್' ಎಂದು ಬರೆದಿದೆ, ಫಂಕ್ಷನ್ನೋ ಮ್ಯಾಕ್ರೋ ಎಂಬುದನ್ನು ಆಯಾ ಸಂರಚನೆಯಲ್ಲಿ ಮ್ಯಾಕ್ರೋ ಬಿಡಿಸುವ ಪ್ರಿಪ್ರೊಸೆಸರ್ ನೋಡಿಕೊಳ್ಳುತ್ತದೆ. ಯಂತ್ರ ನೋಡುವುದು ಒಂದು ಸಂರಚನೆಯ ಕರ್ನಲ್ ಅನ್ನು, ಹೊದಿಕೆ ಬರೆದವರು ನೋಡುವುದು ಎಲ್ಲವನ್ನೂ.

"ಹಾಗಾದರೆ ಪ್ರತಿ ಸಲ ಒಂದು ಕರೆ ಹೆಚ್ಚಾಗುವುದಕ್ಕೆ ಏನು ಮಾಡುವುದು, ಸರ್?" ಎಂದು ಅವಳು ಬಿಡಲಿಲ್ಲ. ನಡುವೆ ತುಂಡಾಗದ ಒಂದು ಅಣು ಸೂಚನೆ ಮತ್ತು ಒಂದೆರಡು ಪರೀಕ್ಷೆಗಳಲ್ಲಿ ಮುಗಿಯುವ 'ರೆಫ್‌ಕೌಂಟ್_ಇಂಕ್'ಗೆ ಹೊರಗಿನ ಕರೆ ದುಬಾರಿಯೇ. ಹೊದಿಕೆಗಳನ್ನು ಕ್ಲ್ಯಾಂಗ್‌ನಿಂದ ಎಲ್‌ಎಲ್‌ವಿಎಂ ಬಿಟ್‌ಕೋಡ್ (ಎರಡೂ ಕಂಪೈಲರ್‌ಗಳು ಬಳಸುವ ನಡುವಿನ ರೂಪ) ಮಾಡಿ, ರಸ್ಟ್ ಸಂಕೇತದ ಬಿಟ್‌ಕೋಡ್ ಜೊತೆ ಬೆರೆಸಿ, ಮತ್ತೆ ಕರಗಿಸುವ ಪ್ಯಾಚ್‌ಗಳು ಪ್ರಸ್ತಾಪವಾಗಿವೆ. ಕ್ಲ್ಯಾಂಗ್ ಮತ್ತು ರಸ್ಟ್ ಕಂಪೈಲರ್ ಎರಡರಲ್ಲೂ ಹೊಂದುವ ಎಲ್‌ಎಲ್‌ವಿಎಂ ಇರಬೇಕು ಎಂಬ ತಲೆನೋವು ಅದರ ಜೊತೆಗೇ ಬರುತ್ತದೆ. ಹೊದಿಕೆಯನ್ನು ಯಾರು ಬರೆದರು ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂದು ನಾನು ಹೇಳಿದಾಗ ಅವಳು ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು, ಮೂರು ಸಾಲಿನ ಹೊದಿಕೆಗಳನ್ನು ಬರೆಯತೊಡಗಿದಳು.

ಸೋಮವಾರ ಪ್ಯಾಚ್ ಕಳುಹಿಸಿದೆವು. ಪರಿಶೀಲಿಸಿದವರು ಹೊದಿಕೆಗಳ ಬಗ್ಗೆ ಚಕಾರವೆತ್ತಲಿಲ್ಲ. ಹೊಸ ಇನ್‌ಕ್ಲೂಡ್ ಸಾಲು ಅಕ್ಷರಾನುಕ್ರಮದಲ್ಲಿಲ್ಲ, ಸರಿಪಡಿಸಿ ಎಂದಷ್ಟೇ ಬರೆದಿದ್ದರು.