ಸ್ಟ್ಯಾಟಿಕ್ ರೂಟ್ ಹಾಕಿದರೂ ಪ್ಯಾಕೆಟ್ ಮಾತು ಕೇಳಲಿಲ್ಲ

ಮೊನ್ನೆ ರೂಟರ್‌ನಲ್ಲಿ ಒಂದು ಸ್ಟ್ಯಾಟಿಕ್ ರೂಟ್ (ಪ್ಯಾಕೆಟ್ ಯಾವ ದಾರಿ ಹಿಡಿಯಬೇಕು ಅಂತ ಕೈಯಾರೆ ಬರೆಯುವ ಸಾಲು) ಹಾಕಿ ಅರ್ಧ ದಿನ ತಲೆ ಕೆಡಿಸಿಕೊಂಡೆ. 10.1.0.0/16, ಅಂದರೆ ಮೊದಲ 16 ಬಿಟ್ 10.1 ಆಗಿರುವ ವಿಳಾಸಗಳ ಕಡೆ ಹೋಗುವುದೆಲ್ಲ ಹೊಸ ಲಿಂಕ್ ಹಿಡಿಯಲಿ ಅಂತ ಹಾಕಿದ್ದು. ಎಲ್ಲವೂ ಹಿಡಿಯಿತು, 10.1.5.7 ಮಾತ್ರ ಹಳೇ ದಾರಿಯನ್ನೇ ಕಚ್ಚಿಕೊಂಡು ಕೂತಿತ್ತು.

ನನ್ನ ತಲೆಯಲ್ಲಿದ್ದ ಲೆಕ್ಕ ಇಷ್ಟೇ: ಸಿಸ್ಕೊ ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ರೂಟ್ ಬಂದ ಮೂಲವನ್ನು ಎಷ್ಟು ನಂಬಬೇಕು ಅನ್ನುವ ಅಂಕಿ) 1, ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ಹೇಳಿಕೊಳ್ಳುವ ಓಎಸ್‌ಪಿಎಫ್‌ದು 110, ಕಡಿಮೆ ಇದ್ದದ್ದು ಗೆಲ್ಲುತ್ತದೆ, ಅಂದಮೇಲೆ ನಾನು ಹಾಕಿದ್ದೇ ನಡೆಯಬೇಕು ಅಲ್ವಾ? ರೂಟಿಂಗ್ ಟೇಬಲ್ ತೆಗೆದು ನೋಡಿದರೆ ಓಎಸ್‌ಪಿಎಫ್‌ನಿಂದ ಬಂದ 10.1.5.0/24 ಅಲ್ಲಿ ಆರಾಮಾಗಿ ಕೂತಿದೆ.

ಎಡವಿದ್ದು ಇಲ್ಲಿ. 1 ದೊಡ್ಡದೋ 110 ದೊಡ್ಡದೋ ಅನ್ನುವ ಜಗಳ ನಡೆಯುವುದು ಒಂದೇ ಪ್ರಿಫಿಕ್ಸ್ (ವಿಳಾಸದ ಮುಂಭಾಗ; /16, /24 ಅನ್ನುವುದು ಅದರ ಉದ್ದ) ಎರಡು ಕಡೆಯಿಂದ ಬಂದಾಗ ಮಾತ್ರ, ಅದೂ ಉದ್ದ ಕೂಡ ಒಂದೇ ಇದ್ದಾಗ. ರೂಟರ್ ಕಣ್ಣಿಗೆ /16 ಮತ್ತು /24 ಬೇರೆ ಬೇರೆ ಸಾಲುಗಳು. ಹಾಗಾಗಿ ಎರಡೂ ಟೇಬಲ್‌ಗೆ ಬಂದು ಕೂರುತ್ತವೆ, ಜಗಳವೇ ಇಲ್ಲ. ಆಮೇಲೆ ಪ್ಯಾಕೆಟ್ ಬಂದಾಗ ರೂಟರ್ ನೋಡುವುದು ಒಂದನ್ನೇ: ಹೊಂದುವ ಸಾಲುಗಳಲ್ಲಿ ಯಾವುದರ ಪ್ರಿಫಿಕ್ಸ್ ಉದ್ದ? 10.1.5.7 ನಲ್ಲಿ /16 ನ 16 ಬಿಟ್ ಹೊಂದುತ್ತವೆ, /24 ನ 24 ಬಿಟ್ಟೂ ಹೊಂದುತ್ತವೆ. 24 ಗೆದ್ದಿತು. ರೂಟ್ ಯಾರಿಂದ ಬಂತು, ಮೆಟ್ರಿಕ್ (ದಾರಿಯ ವೆಚ್ಚ) ಎಷ್ಟು, ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಬೇರೆ ಯಾವುದೂ ಹೊಂದದಿದ್ದಾಗ ಹಿಡಿಯುವ ಡೀಫಾಲ್ಟ್ ರೂಟ್ ಕೊನೆಗೆ ಉಳಿಯುವುದೂ ಇದೇ ಕಾರಣಕ್ಕೆ. 0.0.0.0/0 ಅಂದರೆ ಒಂದು ಬಿಟ್ಟೂ ಹೊಂದಬೇಕಿಲ್ಲ, ಹಾಗಾಗಿ ಎಲ್ಲದಕ್ಕೂ ಹೊಂದುತ್ತದೆ, ಯಾರ ಎದುರೂ ಗೆಲ್ಲುವುದಿಲ್ಲ. ಓಪನ್‌ವಿಪಿಎನ್‌ನಲ್ಲಿ ಇದನ್ನೇ ಬಳಸಿಕೊಂಡ ಒಂದು ಚಂದದ ಆಟ ಇದೆ. ಹಳೇ ಡೀಫಾಲ್ಟ್ ಅಳಿಸದೆ, 0.0.0.0/1 ಮತ್ತು 128.0.0.0/1 ಅಂತ ಎರಡು ಅರ್ಧ ಸೇರಿಸಿಬಿಡುತ್ತದೆ. ಒಂದೇ ಒಂದು ಬಿಟ್ ಜಾಸ್ತಿ, ಅಷ್ಟಕ್ಕೇ ಟ್ರಾಫಿಕ್ ವಿಪಿಎನ್ ಸುರಂಗಕ್ಕೆ ತಿರುಗುತ್ತದೆ. ವಿಪಿಎನ್ ನಿಲ್ಲಿಸಿ ಆ ಎರಡನ್ನು ತೆಗೆದರೆ ಹಳೆಯದು ಇದ್ದ ಜಾಗದಲ್ಲೇ ಇರುತ್ತದೆ.

ಇದೇ ನಿಯಮ ಇಂಟರ್ನೆಟ್ ಮಟ್ಟದಲ್ಲಿ ಎಡವಟ್ಟಾದರೆ ಏನಾಗುತ್ತದೆ ಅಂತ 2008 ರ ಫೆಬ್ರವರಿ 24 ರಂದು ಗೊತ್ತಾಯಿತು. ಈ ವಿಳಾಸಗಳು ನನ್ನ ಬಳಿ ಇವೆ ಅಂತ ಯೂಟ್ಯೂಬ್ ಘೋಷಿಸುತ್ತಿದ್ದದ್ದು 208.65.152.0/22. ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ 208.65.153.0/24 ಅನ್ನು ಘೋಷಿಸಿತು, ಅದು ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಬಿಜಿಪಿ ಮೂಲಕ ಹೊರಗೂ ಸೋರಿತು. ಜಗತ್ತಿನ ಎಷ್ಟೋ ರೂಟರ್‌ಗಳು /22 ಬಿಟ್ಟು /24 ಹಿಂದೆ ಹೋದವು. ಯೂಟ್ಯೂಬ್ ಮೊದಲು ಅದೇ /24 ಘೋಷಿಸಿತು, ಆದರೆ ಉದ್ದ ಸಮ ಆದಾಗ ಹತ್ತಿರದವರಿಗೇ ಲಾಭ, ಒಂದಿಷ್ಟು ಟ್ರಾಫಿಕ್ ಮಾತ್ರ ವಾಪಸ್ ಬಂತು. ಆಮೇಲೆ ಎರಡು /25 ಘೋಷಿಸಿತು, ಅವನ್ನು ಒಪ್ಪಿಕೊಂಡ ಕಡೆಯೆಲ್ಲ ಗೆದ್ದಿತು.

ನನಗೆ ಇದರಲ್ಲಿ ನಿಜಕ್ಕೂ ಕಿರಿಕಿರಿ ಅನ್ನಿಸುವುದು ಇನ್ನೊಂದು. ಉದ್ದದ ರೂಟ್ ಸತ್ತ ದಾರಿಗೆ ಹೋಗುತ್ತಿದ್ದರೂ ಅದು ಟೇಬಲ್‌ನಲ್ಲಿ ಇರುವ ತನಕ ರೂಟರ್ ಪಕ್ಕದ ಗಿಡ್ಡ ರೂಟ್ ಕಡೆ ತಿರುಗಿ ಕೂಡ ನೋಡುವುದಿಲ್ಲ. ಪ್ಯಾಕೆಟ್ ಸುಮ್ನೆ ಸಾಯುತ್ತದೆ.

ನನ್ನ ಕತೆಗೆ ಬಂದರೆ, ಕೊನೆಗೆ 10.1.5.0/24 ಗೂ ಒಂದು ಸ್ಟ್ಯಾಟಿಕ್ ರೂಟ್ ಹಾಕಿದೆ. ಈಗ ಎರಡೂ ಒಂದೇ ಉದ್ದ, ಬೆಳಿಗ್ಗೆಯಿಂದ ನಾನು ಹಿಡಿದುಕೊಂಡಿದ್ದ 1 ಮತ್ತು 110 ರ ಲೆಕ್ಕ ಆಗ ನಡೆಯಿತು.