ಉತ್ತರ ಗೊತ್ತಿದ್ದೂ ಸುಮ್ಮನಿರುವ ಕೋರ್ಸು

"ಗುಡ್ಡ ಹತ್ತೋಕೂ ಡಿಗ್ರಿ ಬೇಕೇನೇ?" ತೀರ್ಥಹಳ್ಳಿಯಿಂದ ಫೋನ್ ಮಾಡಿದ್ದ ಅಮ್ಮ ಕೇಳಿದಳು. "ಹಾಗಾದ್ರೆ ನಮ್ಮೂರ ದನ ಕಾಯೋ ಹುಡುಗರಿಗೆಲ್ಲ ಡಾಕ್ಟರೇಟ್ ಕೊಡ್ಬೇಕು ಬಿಡು." ಅವಳು ಹೇಳೋದೂ ಸರಿಯೇ, ಅಲ್ವಾ?

ನಾನಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾದಲ್ಲಿ. ಶಾಲೆಯಲ್ಲಿ ಗಣಿತ ಟೀಚರ್. ಕೆಲಸ ಬಿಡದೆ, ಹೊರಾಂಗಣ ಸಾಹಸ ಮತ್ತು ಅನುಭವದಿಂದ ಕಲಿಸುವ ಶಿಕ್ಷಣದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ವಾರದ ದಿನ ಪಾತ್ರೆ ತೊಳೆದಿಟ್ಟು ಆನ್‌ಲೈನ್ ತರಗತಿ. ತಿಂಗಳಿಗೊಂದು ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಬ್ಯಾಗು ಕಾರಿಗೆ ಹಾಕಿ, ಉತ್ತರದ ವೈಟ್ ಮೌಂಟನ್ಸ್ ಕಾಡಿಗೆ. ಜೊತೆಗೆ ಒಬ್ಬ ನರ್ಸ್, ಫೈರ್ ಸ್ಟೇಷನ್‌ನಲ್ಲಿರುವವನೊಬ್ಬ, ಇಬ್ಬರು ಪಿಟಿ ಟೀಚರ್‌ಗಳು. ಎಲ್ಲರಿಗೂ ಸೋಮವಾರ ಡ್ಯೂಟಿ.

ಈ ವಿದ್ಯೆ ಮೋಜಿಗೆ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಹಡಗು ಮುಳುಗಿದಾಗ ವಯಸ್ಸಾದ ನಾವಿಕರು ಹೇಗೋ ಬದುಕುತ್ತಾರೆ, ಗಟ್ಟಿಮುಟ್ಟಾದ ಹುಡುಗರೇ ಕೈಚೆಲ್ಲುತ್ತಾರೆ ಎಂದು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್‌ಗೆ ಅನಿಸಿತ್ತು. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಶಿಕ್ಷಕ ಕರ್ಟ್ ಹಾನ್ ಜೊತೆ ಸೇರಿ 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ, ಕಷ್ಟ ಬಂದಾಗ ಕೈಚೆಲ್ಲದಂತೆ ಹುಡುಗರನ್ನು ತಯಾರು ಮಾಡುವ ಔಟ್‌ವರ್ಡ್ ಬೌಂಡ್ ಎಂಬ ಶಾಲೆ ಶುರು ಮಾಡಿದರು. 1971ರಲ್ಲಿ ಅದೇ ವಿಚಾರವನ್ನು ಮಾಮೂಲಿ ಶಾಲೆಯ ಒಳಗೆ ತಂದ ಪ್ರಾಜೆಕ್ಟ್ ಅಡ್ವೆಂಚರ್ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಹ್ಯಾಮಿಲ್ಟನ್‌ನಲ್ಲಿ. ನಮ್ಮನೆಯಿಂದ ಕಾರಲ್ಲಿ ಒಂದು ಗಂಟೆ.

ನನ್ನ ಪಾಠ ಶುರುವಾಗಿದ್ದು ಒಂದು ಅಕ್ಟೋಬರಿನಲ್ಲಿ. ದಾರಿಯಿಲ್ಲದ ಕಾಡಲ್ಲಿ, ಕಿಲೋಮೀಟರ್ ದೂರದ ಕೊಳಕ್ಕೆ ತಂಡವನ್ನು ನಾನು ಕರೆದೊಯ್ಯಬೇಕಿತ್ತು. ನಕ್ಷೆಯಲ್ಲಿ ಕೋನ ಅಳೆದೆ, ದಿಕ್ಸೂಚಿಯಲ್ಲಿ ಅಷ್ಟೇ ಇಟ್ಟುಕೊಂಡು ಹೊರಟೆ. ತಪ್ಪಾಗಿದ್ದು ಅಲ್ಲೇ. ನಕ್ಷೆಯ ಕೋನ ನಿಜವಾದ ಉತ್ತರ ದಿಕ್ಕಿನಿಂದ ಅಳೆದದ್ದು. ಇಲ್ಲಿ ದಿಕ್ಸೂಚಿಯ ಮುಳ್ಳು ಅದಕ್ಕಿಂತ ಸುಮಾರು 14 ಡಿಗ್ರಿ ಪಶ್ಚಿಮಕ್ಕೆ ವಾಲಿ ನಿಲ್ಲುತ್ತದೆ. ನಮ್ಮೂರಲ್ಲಾದರೆ ವ್ಯತ್ಯಾಸ ಒಂದೆರಡು ಡಿಗ್ರಿ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಇಲ್ಲಿ ಆ 14 ಕೂಡಿಸದಿದ್ದರೆ, ಕಿಲೋಮೀಟರ್ ನಡೆಯುವಷ್ಟರಲ್ಲಿ 250 ಮೀಟರ್ ಎಡಕ್ಕೆ ಸರಿದಿರುತ್ತೀರಿ. ಕೊಳ ಇರಬೇಕಾದ ಜಾಗದಲ್ಲಿ ಬರೀ ಸ್ಪ್ರೂಸ್ ಮರಗಳು, ಮುಖಕ್ಕೆ ಪರಚುವ ಒಣ ಕೊಂಬೆಗಳು.

ಕೋರ್ಸಿನ ಮೇಷ್ಟ್ರು ಫ್ಲಾಸ್ಕ್ ಹಿಡಿದು ಹಿಂದೆಯೇ ಬರುತ್ತಿದ್ದರು. "ನಿಮಗೆ ಗೊತ್ತಿತ್ತಾ?" ಅಂದೆ. "ಮೊದಲ ಹತ್ತು ಹೆಜ್ಜೆಗೇ," ಅಂದರು. ಮೈಯೆಲ್ಲಾ ಉರಿಯಿತು. ಇಷ್ಟು ಫೀಸು ಕಟ್ಟಿರೋದು ಇದಕ್ಕಾ?

ಸಂಜೆ ಎಲ್ಲರೂ ಸುತ್ತ ಕೂತೆವು. ಪ್ರತಿ ಸಲ ಕೇಳುವುದು ಮೂರೇ ಪ್ರಶ್ನೆ. ಏನಾಯ್ತು? ಅದರಿಂದ ಏನು ತಿಳೀತು? ಮುಂದೇನು? ನಾನು ತ್ರಿಕೋನಮಿತಿ ಬಿಡಿಸಿ ಹೇಳೋಕೆ ಶುರು ಮಾಡಿದೆ. ಮೇಷ್ಟ್ರು ತಡೆದರು. "ಲೆಕ್ಕ ಇರಲಿ. ನಿಮಗೆ ಅನುಮಾನ ಬಂದಿದ್ದು ಯಾವಾಗ?" ಅರ್ಧ ದಾರಿಯಲ್ಲೇ ಬಂದಿತ್ತು. ನಾಲ್ಕು ಜನ ನನ್ನ ನಂಬಿ ಬರ್ತಿದ್ದರು, ಹೇಳೋಕೆ ನಾಚಿಕೆ. ಅಷ್ಟು ಹೇಳೋಕೆ ನನಗೆ ಹತ್ತು ನಿಮಿಷ ಬೇಕಾಯಿತು.

ಕೋರ್ಸಿನಲ್ಲಿ ಎಲ್ಲವೂ ಹೀಗಿಲ್ಲ. ಓದೋಕೆ ಕೊಡುವ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಗೊತ್ತಿರೋ ವಿಷಯಕ್ಕೇ ಬಾಣ, ವೃತ್ತ ಬರೆದಿರ್ತಾರೆ. ಆದರೆ ಕಾಡಿನ ಪ್ರಥಮ ಚಿಕಿತ್ಸೆಯ ತರಬೇತಿ ಮಾತ್ರ ಸುಮ್ನೆ ಅಲ್ಲ. ಎಪ್ಪತ್ತು ಗಂಟೆಗೂ ಜಾಸ್ತಿ. ಹೆಸರು ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್, ಇಲ್ಲಿಯವರು ಮೊಟಕಾಗಿ 'ವೂಫರ್' ಅಂತಾರೆ. ಆಂಬುಲೆನ್ಸ್ ಬರದ ಜಾಗದಲ್ಲಿ ಮುರಿದ ಕಾಲಿಗೆ ಚಾಪೆ ಸುತ್ತಿ ಕಟ್ಟೋದನ್ನೂ ಅಲ್ಲೇ ಕಲಿತೆ.

ಮೊನ್ನೆ ಮೇಷ್ಟ್ರ ಹಾಗೆ ಸುಮ್ಮನೆ ಹಿಂದೆ ನಡೆಯುವ ಸರದಿ ನನ್ನದು. ಮುಂದೆ ಫೈರ್ ಸ್ಟೇಷನ್ನಿನ ಗೆಳೆಯ. ಹಳ್ಳವನ್ನು ತಪ್ಪು ಜಾಗದಲ್ಲಿ ದಾಟಿದ. ವರ್ಷಗಟ್ಟಲೆ ಮಕ್ಕಳಿಗೆ ಉತ್ತರ ಹೇಳಿ ಅಭ್ಯಾಸವಾದ ನಾಲಿಗೆ, ತಡೆಯಲ್ಲ. ಡಬ್ಬಿ ತೆಗೆದು ಅಮ್ಮ ಕಳಿಸಿದ್ದ ಕೋಡುಬಳೆ ಬಾಯಿಗೆ ಹಾಕಿಕೊಂಡೆ. ಅದು ಮುಗಿದ ಮೇಲೆ ಇನ್ನೊಂದು. ಐದನೆಯದಕ್ಕೆ ಅವನು ನಿಂತ. ನಕ್ಷೆ ಬಿಚ್ಚಿದ, ಹಳ್ಳದ ಕಡೆ ತಿರುಗಿದ, ಆಮೇಲೆ ನನ್ನ ಮುಖ ನೋಡಿದ. ಆರನೆಯದನ್ನು ಅವನ ಕೈಗಿಟ್ಟೆ.